'ಸಿಕ್ ಆಫ್ ಮೈಸೆಲ್ಫ್' ಸಿನಿಮಾ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಟ್ಟೆಕಿಚ್ಚು ಮತ್ತು ಅಟೆನ್ಷನ್ ಹುಚ್ಚಿನ ಬಗ್ಗೆ ಬಂದ ಡಾರ್ಕ್ ಕಾಮಿಡಿಗಳಲ್ಲಿ ಈ ನಾರ್ವೇಜಿಯನ್ ಸಿನಿಮಾ ನನಗೆ ತುಂಬಾ ಮುಖ್ಯ ಅನ್ನಿಸಿದೆ. ನೋಡಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟು ಉತ್ತರ ಬರೆದಿದ್ದೇನೆ. ಇನ್ನೂ ನೋಡದವರೂ ಓದಬಹುದು. ಕಥೆಯ ಕೆಲವು ತಿರುವುಗಳು ಬಂದೇ ಬರುತ್ತವೆ, ಆದರೆ ಕ್ಲೈಮ್ಯಾಕ್ಸ್ ಮುಟ್ಟಿಲ್ಲ.

ಇದು ಯಾವಾಗ ಬಂದ ಸಿನಿಮಾ? ಯಾರು ಮಾಡಿದ್ದು?

2022ರದ್ದು. ಬರೆದು ನಿರ್ದೇಶಿಸಿದವರು ಕ್ರಿಸ್ಟೋಫರ್ ಬೊರ್ಗ್ಲಿ. ನಾರ್ವೆಯಲ್ಲಿ ಇದರ ಹೆಸರು 'ಸಿಕ್ ಪಿಕೆ'. ಅದೇ ವರ್ಷ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ 'ಅನ್ ಸರ್ಟೇನ್ ರಿಗಾರ್ಡ್' ವಿಭಾಗದಲ್ಲಿ ಮೊದಲು ತೋರಿಸಿದರು. ಕಥೆಯ ಮುಖ್ಯ ಪಾತ್ರ ಸಿಗ್ನೆಯನ್ನು ಮಾಡಿದವರು ಕ್ರಿಸ್ಟೀನ್ ಕುಯಾತ್ ಥೋರ್ಪ್. ಅವಳ ಜೊತೆಗಾರ ಥಾಮಸ್ ಆಗಿ ಐರಿಕ್ ಸೇಥರ್ ಇದ್ದಾರೆ. ಥಾಮಸ್ ಸಿನಿಮಾದಲ್ಲಿ ಕಲಾವಿದ. ಸೇಥರ್ ನಿಜ ಜೀವನದಲ್ಲೂ ಕಲಾವಿದರೇ. ಅವರು ಗ್ಯಾಲರಿಯಲ್ಲಿ ನಿಲ್ಲುವ ರೀತಿ, ತಮ್ಮ ಕೆಲಸದ ಬಗ್ಗೆ ಮಾತಾಡುವ ರೀತಿ ಅಷ್ಟು ಸಹಜವಾಗಿ ಕಾಣುವುದಕ್ಕೆ ಅದೂ ಒಂದು ಕಾರಣ ಇರಬಹುದು.

ಕಥೆ ಏನು?

ಓಸ್ಲೋ ನಗರ. ಸಿಗ್ನೆ ಒಂದು ಕೆಫೆಯಲ್ಲಿ ಕೆಲಸ ಮಾಡುತ್ತಾಳೆ. ಥಾಮಸ್ ಬೇರೆಯವರ ಕುರ್ಚಿ, ಮೇಜು, ಸೋಫಾ ಕದ್ದು ತಂದು, ಅವುಗಳಿಂದಲೇ ಕಲಾಕೃತಿ ಮಾಡುತ್ತಾನೆ. ಅವನ ಹೆಸರು ನಿಧಾನಕ್ಕೆ ಮೇಲೇರುತ್ತಿದೆ. ಪಾರ್ಟಿಗೆ ಹೋದರೆ ಎಲ್ಲರೂ ಅವನನ್ನೇ ಮಾತಾಡಿಸುತ್ತಾರೆ. ಅವಳು ಪಕ್ಕದಲ್ಲಿ ನಿಂತಿರುತ್ತಾಳೆ, ಅಷ್ಟೇ. ಇದನ್ನು ಸಹಿಸೋಕೆ ಅವಳಿಂದ ಆಗುವುದಿಲ್ಲ.

ಮೊದಲು ಸಣ್ಣಪುಟ್ಟ ಸುಳ್ಳು. ಆಮೇಲೆ ಒಂದು ದಿನ, ಚರ್ಮಕ್ಕೆ ಭಯಂಕರ ಹಾನಿ ಮಾಡುವ ಒಂದು ರಷ್ಯನ್ ಮಾತ್ರೆಯ ಬಗ್ಗೆ ಇಂಟರ್ನೆಟ್‌ನಲ್ಲಿ ಓದುತ್ತಾಳೆ. ಅದನ್ನು ಕದ್ದುಮುಚ್ಚಿ ತರಿಸಿಕೊಂಡು, ಬೇಕಂತಲೇ ನುಂಗಲು ಶುರು ಮಾಡುತ್ತಾಳೆ. ಕಾಯಿಲೆ ಬಂದರೆ ಜನ ನೋಡುತ್ತಾರೆ ಅನ್ನುವುದು ಅವಳ ಲೆಕ್ಕ. ಆ ಲೆಕ್ಕ ಸರಿಯಾಗಿಯೇ ಇದೆ, ಜನ ನೋಡುತ್ತಾರೆ. ಮುಂದೆ ಆಗುವುದೆಲ್ಲ ಅಲ್ಲಿಂದಲೇ ಹುಟ್ಟುತ್ತದೆ.

ಕಾಮಿಡಿ ಅಂತೀರಿ. ನಗು ಎಲ್ಲಿದೆ?

ಜೋಕ್ ಹೇಳಿ ನಗಿಸುವ ಸಿನಿಮಾ ಇದಲ್ಲ. ಸಿಗ್ನೆ ಮುಂದೆ ಏನು ಮಾಡುತ್ತಾಳೆ ಅಂತ ಅವಳ ಮುಖ ನೋಡಿದ ತಕ್ಷಣ ನಮಗೆ ಗೊತ್ತಾಗುತ್ತದೆ. 'ಬೇಡ ಕಣೇ' ಅನ್ನುವಷ್ಟರಲ್ಲಿ ಅವಳು ಅದನ್ನು ಮಾಡಿಯೇ ಬಿಟ್ಟಿರುತ್ತಾಳೆ. ನಗು ಬರುವುದು ಅಲ್ಲಿ.

ಅಲರ್ಜಿ ಸೀನನ್ನೇ ತೆಗೆದುಕೊಳ್ಳಿ. ಥಾಮಸ್‌ನ ಪ್ರದರ್ಶನದ ಗೌರವಕ್ಕೆ ಒಂದು ಔತಣ. ಉದ್ದ ಟೇಬಲ್, ದೊಡ್ಡ ಮನುಷ್ಯರು. ಸಿಗ್ನೆಯನ್ನು ಯಾರೂ ಮಾತಾಡಿಸುತ್ತಿಲ್ಲ. ಇದ್ದಕ್ಕಿದ್ದಂತೆ ಅವಳು ತನಗೆ ನಟ್ಸ್ ಅಲರ್ಜಿ ಇದೆ ಅನ್ನುತ್ತಾಳೆ. ಸುಮ್ನೆ ಬಾಯಿಗೆ ಬಂದ ಮಾತು. ಆದರೆ ಪಕ್ಕದವರು ಗಾಬರಿಯಾಗುತ್ತಾರೆ. ಸುದ್ದಿ ಅಡುಗೆಮನೆಗೆ ಮುಟ್ಟುತ್ತದೆ. ಶೆಫ್ ತಾನೇ ಎದ್ದು ಬಂದು, ಎಷ್ಟು ಜೋರಿದೆ ಅಲರ್ಜಿ, ಏನು ತಿನ್ನಬಹುದು, ಏನು ತಿನ್ನಬಾರದು ಅಂತ ವಿಚಾರಿಸುತ್ತಾನೆ. ಒಂದು ಸಣ್ಣ ಸುಳ್ಳಿಗೆ ಇಷ್ಟು ಕಾಳಜಿ! ಅವಳ ಮುಖ ಅರಳುವುದನ್ನು ಆಗ ನೋಡಬೇಕು. ಆಮೇಲೆ ಥಾಮಸ್ ಭಾಷಣಕ್ಕೆ ನಿಲ್ಲುತ್ತಾನೆ. ಎಲ್ಲರ ಕಣ್ಣು ಮತ್ತೆ ಅವನ ಕಡೆ. ಇವಳಿಗೆ ಉಸಿರುಗಟ್ಟಲು ಶುರುವಾಗುತ್ತದೆ.

ಈ ಸೀನ್‌ನಲ್ಲಿ ಯಾರೂ ದಡ್ಡರಲ್ಲ. ಶೆಫ್ ಮಾಡಿದ್ದು ಸರಿ. ಪಕ್ಕದವರು ಮಾಡಿದ್ದೂ ಸರಿ. ಎಲ್ಲರೂ ಒಳ್ಳೆಯವರಾಗಿ ನಡೆದುಕೊಳ್ಳುವುದರಿಂದಲೇ ಅವಳ ಸುಳ್ಳು ಬೆಳೆಯುತ್ತದೆ. ಚೆನ್ನಾಗಿ ಬರೆದ ಕಾಮಿಡಿ ಅಂದರೆ ಇದು.

ಸಿಗ್ನೆಗೆ ಹೊಟ್ಟೆಕಿಚ್ಚು ಯಾರ ಮೇಲೆ? ಥಾಮಸ್‌ಗೆ ಬೇರೆ ಹುಡುಗಿ ಇದ್ದಾಳಾ?

ಆ ಥರದ ಹೊಟ್ಟೆಕಿಚ್ಚು ಇಲ್ಲಿ ವಿಷಯವೇ ಅಲ್ಲ. ಅವಳ ಸಂಕಟ ಇರುವುದು ಥಾಮಸ್ ಮೇಲೆಯೇ. ಅವನಿಗೆ ಸಿಗುತ್ತಿರುವ ಹೆಸರಿನ ಮೇಲೆ. ಅವನು ಕೈತಪ್ಪಿ ಹೋಗುತ್ತಾನೆ ಅನ್ನುವ ಭಯಕ್ಕಿಂತ, ಜನ ಅವನನ್ನು ನೋಡಿ ತನ್ನನ್ನು ನೋಡುತ್ತಿಲ್ಲ ಅನ್ನುವ ಉರಿ ಜಾಸ್ತಿ.

ಅಪರಿಚಿತರ ಯಶಸ್ಸು ನಮ್ಮನ್ನು ಅಷ್ಟಾಗಿ ಕಾಡುವುದಿಲ್ಲ. ನಮ್ಮ ಜೊತೆಗೇ ಇದ್ದವರು, ನಮ್ಮಷ್ಟೇ ಇದ್ದವರು ಒಂದು ಮೆಟ್ಟಿಲು ಮೇಲೆ ಹೋದರೆ ಕಾಡುತ್ತದೆ. ಒಂದೇ ಮನೆ, ಒಂದೇ ಹಾಸಿಗೆ, ಒಂದೇ ಸ್ನೇಹಿತರ ಗುಂಪು. ಹೋಲಿಕೆಯಿಂದ ತಪ್ಪಿಸಿಕೊಳ್ಳೋಕೆ ಸಿಗ್ನೆಗೆ ಜಾಗವೇ ಇಲ್ಲ. ಈ ಪಾತ್ರಕ್ಕೆ ಇಷ್ಟೇ ಸಾಕು ಅಂತ ಬೊರ್ಗ್ಲಿಗೆ ಗೊತ್ತಿತ್ತು. ಅವಳ ಬಾಲ್ಯದ ಕಥೆ ಹೇಳಿ ಸಮರ್ಥನೆ ಕೊಡುವ ಗೋಜಿಗೆ ಅವರು ಹೋಗಿಲ್ಲ. ನನಗೆ ಅದು ತುಂಬಾ ಹಿಡಿಸಿತು.

ಹಾಗಾದರೆ ಥಾಮಸ್ ಪಾಪದವನಾ?

ಖಂಡಿತ ಅಲ್ಲ. ಈ ಸಿನಿಮಾವನ್ನು 'ಒಬ್ಬ ಹುಚ್ಚು ಹುಡುಗಿಯ ಕಥೆ' ಅಂತ ನೋಡಿದರೆ ಅರ್ಧ ಮಾತ್ರ ನೋಡಿದ ಹಾಗೆ. ಇದು ಇಬ್ಬರ ಕಥೆ.

ಮೊದಲ ಸೀನ್ ಗಮನಿಸಿ. ರೆಸ್ಟೋರೆಂಟ್‌ನಲ್ಲಿ ಇಬ್ಬರೂ ಕೂತು ತುಂಬಾ ದುಬಾರಿ ವೈನ್ ತರಿಸುತ್ತಾರೆ. ಥಾಮಸ್ ಬಾಟಲಿ ಎತ್ತಿಕೊಂಡು ಓಡುತ್ತಾನೆ. ಸಿಗ್ನೆಯೂ ಇದರಲ್ಲಿ ಪಾಲುದಾರಳು. ಆದರೆ ವೇಟರ್ ಬೆನ್ನಟ್ಟುವುದು ಅವನನ್ನು. ಕಳ್ಳತನದಲ್ಲೂ ಅವಳು ಯಾರ ಕಣ್ಣಿಗೂ ಬೀಳುವುದಿಲ್ಲ! ಆಮೇಲೆ ಸ್ನೇಹಿತರ ಮುಂದೆ ಆ ಕಥೆ ಅವನದಾಗುತ್ತದೆ.

ಥಾಮಸ್‌ಗೂ ಅದೇ ಹಸಿವು ಇದೆ. ಅವನ ಹಸಿವಿಗೆ ಗ್ಯಾಲರಿ ಇದೆ, ಪತ್ರಿಕೆಯ ಸಂದರ್ಶನ ಇದೆ, 'ಕಲೆ' ಅನ್ನುವ ಗೌರವದ ಹೆಸರು ಇದೆ. ಅವಳ ಹಸಿವಿಗೆ ಯಾವ ಹೆಸರೂ ಇಲ್ಲ. ಅವಳಿಗೆ ಕಾಯಿಲೆ ಬಂದು ಮುಖ ಹಾಳಾದ ಮೇಲೂ, ಅವನ ಕೆಲಸಕ್ಕೆ ತೊಂದರೆಯಾಯಿತಲ್ಲ ಅನ್ನುವ ಕಿರಿಕಿರಿ ಅವನ ಮಾತಿನಲ್ಲಿ ಇಣುಕುತ್ತದೆ. ಒಬ್ಬರು ಸ್ವಲ್ಪ ಬಿಟ್ಟುಕೊಟ್ಟಿದ್ದರೂ ಈ ಕಥೆ ಇಲ್ಲಿಗೆ ಬರುತ್ತಿರಲಿಲ್ಲ. ಇಬ್ಬರೂ ಬಿಡುವುದಿಲ್ಲ. ಬೆಂಕಿಗೆ ತುಪ್ಪ ಸುರಿಯುವ ಕೆಲಸದಲ್ಲಿ ಥಾಮಸ್‌ನ ಪಾಲು ದೊಡ್ಡದು.

ಅವಳಲ್ಲಿ ಇದು ಶುರುವಾಗುವುದು ಎಲ್ಲಿಂದ?

ಕೆಫೆಯ ಸೀನ್‌ನಿಂದ. ನಾಯಿ ಕಚ್ಚಿಸಿಕೊಂಡ ಒಬ್ಬ ಹೆಂಗಸು ರಕ್ತ ಸುರಿಸುತ್ತಾ ಒಳಗೆ ಬರುತ್ತಾಳೆ. ಉಳಿದವರು ಏನು ಮಾಡಬೇಕೆಂದು ತೋಚದೆ ನಿಂತಿದ್ದಾಗ ಸಿಗ್ನೆ ಓಡಿ ಹೋಗಿ ಅವಳನ್ನು ಹಿಡಿದುಕೊಳ್ಳುತ್ತಾಳೆ. ಇಡೀ ಸಿನಿಮಾದಲ್ಲಿ ಅವಳು ಮಾಡುವ ನಿಜವಾದ ಒಳ್ಳೆಯ ಕೆಲಸ ಅದು. ಅದರಲ್ಲಿ ನಾಟಕ ಇಲ್ಲ.

ಆಮೇಲೆ ಅವಳು ರಕ್ತದ ಬಟ್ಟೆಯಲ್ಲೇ ಮನೆಗೆ ನಡೆದುಕೊಂಡು ಹೋಗುತ್ತಾಳೆ. ದಾರಿಯಲ್ಲಿ ಜನ ತಿರುಗಿ ನೋಡುತ್ತಾರೆ. ಮನೆಯಲ್ಲಿ ಥಾಮಸ್ ಬೆಚ್ಚಿಬೀಳುತ್ತಾನೆ, ಕಾಳಜಿ ಮಾಡುತ್ತಾನೆ. ಅವಳಿಗೆ ಅಲ್ಲಿ ಒಂದು ರುಚಿ ಹತ್ತುತ್ತದೆ. ಗೆಳೆಯರ ಮುಂದೆ ಆ ಘಟನೆಯನ್ನು ಹೇಳುವಾಗ ಅವಳ ಪಾತ್ರ ದೊಡ್ಡದಾಗುತ್ತಾ ಹೋಗುತ್ತದೆ. ಕೇಳುವವರ ಆಸಕ್ತಿ ಕಡಿಮೆಯಾದಾಗ, ತಾನೇ ಒಂದು ನಾಯಿಯನ್ನು ಕೆಣಕಿ ಕಚ್ಚಿಸಿಕೊಳ್ಳೋಕೆ ನೋಡುತ್ತಾಳೆ. ಮಾತ್ರೆಯ ತನಕ ಬರುವ ದಾರಿ ಹೀಗೆ ಒಂದೊಂದೇ ಹೆಜ್ಜೆಯಲ್ಲಿ ಕಾಣುತ್ತದೆ.

ಒಳ್ಳೆಯ ಕೆಲಸದಿಂದಲೇ ಕೆಟ್ಟ ಚಟ ಹುಟ್ಟುತ್ತದೆ ಅನ್ನುವ ಈ ಜೋಡಣೆ ಬರವಣಿಗೆಯ ದೃಷ್ಟಿಯಿಂದ ಸಿನಿಮಾದ ಅತ್ಯಂತ ಗಟ್ಟಿ ಭಾಗ ಅಂತ ನಾನು ನಂಬಿದ್ದೇನೆ.

ಆ ಮಾತ್ರೆ ನಿಜವಾಗಿಯೂ ಇದೆಯಾ?

ಇಲ್ಲ. ಸಿನಿಮಾದಲ್ಲಿ ಬರುವ ಲಿಡೆಕ್ಸಾಲ್ ಅನ್ನುವ ಹೆಸರು, ಅದರ ಕಾಯಿಲೆ ಎರಡೂ ಕಲ್ಪನೆ. ಆದರೆ ಔಷಧಿಯಿಂದ ಚರ್ಮಕ್ಕೆ ತೀವ್ರ ಹಾನಿಯಾಗುವುದು ವೈದ್ಯಕೀಯದಲ್ಲಿ ನಿಜವಾಗಿಯೂ ಇದೆ. ಸ್ಟೀವನ್ಸ್ ಜಾನ್ಸನ್ ಸಿಂಡ್ರೋಮ್ ಅದಕ್ಕೆ ಒಂದು ಉದಾಹರಣೆ. ಕೆಲವು ಆಂಟಿಬಯೋಟಿಕ್, ಕೆಲವು ಮೂರ್ಛೆರೋಗದ ಔಷಧಿಗಳಿಂದ ಅಪರೂಪಕ್ಕೆ ಬರುತ್ತದೆ, ಪ್ರಾಣಕ್ಕೇ ಅಪಾಯ. ಸಿನಿಮಾದ ಕಾಯಿಲೆ ಅದಲ್ಲ. ಆದರೂ ಕಥೆ ಕೇಳಿದಾಗ 'ಹೀಗೂ ಆಗಬಹುದು' ಅನ್ನಿಸುವುದು ಇಂಥವು ಇರುವುದರಿಂದಲೇ.

ಸಿಗ್ನೆಗೆ ಇರುವುದು ಮಾನಸಿಕ ಕಾಯಿಲೆಯಾ?

ಸಿನಿಮಾ ಎಲ್ಲೂ ಅವಳಿಗೆ ಕಾಯಿಲೆಯ ಹೆಸರು ಹಚ್ಚುವುದಿಲ್ಲ. ಆದರೆ ಅವಳು ಮಾಡುವಂಥದ್ದಕ್ಕೆ ವೈದ್ಯಕೀಯದಲ್ಲಿ ಹೆಸರಿದೆ.

ಬ್ರಿಟನ್ನಿನ ವೈದ್ಯ ರಿಚರ್ಡ್ ಆಶರ್ 1951ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಇಲ್ಲದ ಕಾಯಿಲೆಯ ಕಥೆ ಕಟ್ಟಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ರೋಗಿಗಳ ಬಗ್ಗೆ. ದೊಡ್ಡ ದೊಡ್ಡ ಸುಳ್ಳು ಕಥೆಗಳಿಗೆ ಹೆಸರಾದ ಬ್ಯಾರನ್ ಮುಂಚೌಸನ್‌ನ ಹೆಸರನ್ನೇ ಅದಕ್ಕೆ ಇಟ್ಟರು. ಈಗ ವೈದ್ಯರು 'ಫ್ಯಾಕ್ಟಿಷಿಯಸ್ ಡಿಸಾರ್ಡರ್' ಅನ್ನುತ್ತಾರೆ. ಕಾಯಿಲೆ ಇದೆ ಅಂತ ಸುಳ್ಳು ಹೇಳುವುದು ಮಾತ್ರವಲ್ಲ, ಬೇಕಂತಲೇ ಕಾಯಿಲೆ ತಂದುಕೊಳ್ಳುವುದೂ ಇದರಲ್ಲಿ ಸೇರುತ್ತದೆ. ದುಡ್ಡಿಗಾಗಿ, ರಜೆಗಾಗಿ, ಶಿಕ್ಷೆ ತಪ್ಪಿಸಿಕೊಳ್ಳೋಕೆ ನಾಟಕ ಮಾಡಿದರೆ ಅದು ಬೇರೆ. ಇಲ್ಲಿ ಅಂಥ ಲಾಭ ಇರುವುದಿಲ್ಲ. ರೋಗಿ ಅನ್ನಿಸಿಕೊಳ್ಳುವುದೇ ಬೇಕಾಗಿರುತ್ತದೆ.

2000ದಲ್ಲಿ ಅಮೆರಿಕದ ಮನೋವೈದ್ಯ ಮಾರ್ಕ್ ಫೆಲ್ಡ್‌ಮನ್ ಇದರ ಇಂಟರ್ನೆಟ್ ರೂಪಕ್ಕೂ ಒಂದು ಹೆಸರು ಕೊಟ್ಟರು. ಆನ್‌ಲೈನ್ ಗುಂಪುಗಳಲ್ಲಿ ಸುಳ್ಳು ಕಾಯಿಲೆ ಹೇಳಿಕೊಂಡು ಅನುಕಂಪ ಗಿಟ್ಟಿಸುವವರನ್ನು ಕುರಿತದ್ದು ಅದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಯಾವುದೂ ಆಗ ಹುಟ್ಟಿರಲಿಲ್ಲ ಅನ್ನುವುದನ್ನು ನೆನಪಿಡಿ.

ಇಷ್ಟು ಹೇಳಿದ ಮೇಲೂ ಒಂದು ಮಾತು. ಸಿಗ್ನೆಯನ್ನು ಬರೀ ರೋಗಿ ಅಂತ ಬದಿಗಿಟ್ಟರೆ ಸಿನಿಮಾದ ಚುರುಕು ಹೋಗಿಬಿಡುತ್ತದೆ. ಯಾರೋ ನಮ್ಮನ್ನು 'ಹುಷಾರಾ?' ಅಂತ ಕೇಳಿದಾಗ ಆಗುವ ಸಣ್ಣ ಸಮಾಧಾನ ಎಲ್ಲರಿಗೂ ಗೊತ್ತು ಅಲ್ವಾ? ಸಿಗ್ನೆ ಅದೇ ದಾರಿಯಲ್ಲಿ ತುಂಬಾ ದೂರ ಹೋದವಳು.

ಕೆಲವು ಕಡೆ ಯಾವುದು ನಿಜ, ಯಾವುದು ಅವಳ ಕಲ್ಪನೆ ಅಂತ ಗೊತ್ತಾಗಲಿಲ್ಲ. ಹೇಗೆ ಗುರುತಿಸುವುದು?

ಗುರುತಿಸೋಕೆ ಆಗದ ಹಾಗೆಯೇ ತೆಗೆದಿದ್ದಾರೆ. ಸಾಮಾನ್ಯವಾಗಿ ಕನಸಿನ ಸೀನ್ ಅಂದರೆ ಮಂಜು, ನಿಧಾನ ಚಲನೆ, ಬೇರೆ ಬಣ್ಣ ಎಲ್ಲ ಇರುತ್ತದೆ. ಇಲ್ಲಿ ಅದೇನೂ ಇಲ್ಲ. ನಿಜದ ಬೆಳಕಿನಲ್ಲೇ ಕಲ್ಪನೆ ಶುರುವಾಗುತ್ತದೆ. ಸ್ವಲ್ಪ ಹೊತ್ತಾದ ಮೇಲೆ, ಜನ ಅವಳಿಗೆ ಬೇಕಾದ ಮಾತನ್ನೇ ಆಡುತ್ತಿದ್ದಾರೆ ಅನ್ನುವುದು ಹೊಳೆಯುತ್ತದೆ. ಅದೇ ಸುಳಿವು.

ಅವಳ ಹಗಲುಗನಸುಗಳಲ್ಲಿ ನನಗೆ ಹೆಚ್ಚು ಕಾಡಿದ್ದು ಶವಸಂಸ್ಕಾರದ್ದು. ತನ್ನ ಸಾವಿಗೆ ಯಾರು ಯಾರು ಬರುತ್ತಾರೆ, ಎಷ್ಟು ಅಳುತ್ತಾರೆ, ಯಾರನ್ನು ಬಾಗಿಲಲ್ಲೇ ತಡೆಯಬೇಕು ಅಂತ ಅವಳು ಕಲ್ಪಿಸಿಕೊಳ್ಳುತ್ತಾಳೆ. ಸತ್ತ ಮೇಲೂ ಗೆಲ್ಲಬೇಕು ಅನ್ನುವ ಆಸೆ. ತಾನು ಅಲ್ಲಿ ಇರುವುದೇ ಇಲ್ಲ ಅನ್ನುವುದು ಅವಳ ತಲೆಗೆ ಬರುವುದೇ ಇಲ್ಲ. ಸಿಗ್ನೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅವಳು ಆಡುವ ಮಾತಿಗಿಂತ ಈ ಕನಸುಗಳನ್ನು ನೋಡಿ. ಯಾವ ಕನಸಿನಲ್ಲೂ ಅವಳು ಏನನ್ನೂ ಸಾಧಿಸುವುದಿಲ್ಲ. ಬೇರೆಯವರು ಅವಳ ಬಗ್ಗೆ ಮಾತಾಡುತ್ತಿರುತ್ತಾರೆ ಅಷ್ಟೇ.

ಇದು ಸೋಶಿಯಲ್ ಮೀಡಿಯಾ ವಿರುದ್ಧದ ಸಿನಿಮಾನಾ?

ಫೋನು, ಫೋಟೋ, ಸುದ್ದಿ ತಾಣ ಎಲ್ಲ ಬರುತ್ತವೆ. ಆದರೆ ಸಿನಿಮಾ ಬೆರಳು ತೋರಿಸುವುದು ಅವುಗಳ ಕಡೆಗಲ್ಲ. ಸಿಗ್ನೆ ಮತ್ತು ಥಾಮಸ್ ಫೋನ್ ಇಲ್ಲದ ಕಾಲದಲ್ಲಿ ಹುಟ್ಟಿದ್ದರೂ ಪಾರ್ಟಿಯಲ್ಲಿ ಒಬ್ಬರ ಕಥೆಯನ್ನು ಒಬ್ಬರು ಕತ್ತರಿಸುತ್ತಲೇ ಇರುತ್ತಿದ್ದರು.

ಒಂದು ಸೀನ್ ಮಾತ್ರ ಈ ವಿಷಯದಲ್ಲಿ ಚೆನ್ನಾಗಿ ಚುಚ್ಚುತ್ತದೆ. ಪತ್ರಕರ್ತೆ ಗೆಳತಿ ಮಾರ್ಟೆ ಸಿಗ್ನೆಯ ಕಾಯಿಲೆಯ ಬಗ್ಗೆ ಬರೆಯುತ್ತಾಳೆ. ಸುದ್ದಿ ತಾಣದಲ್ಲಿ ಅದು ಮೇಲಕ್ಕೆ ಬರುತ್ತದೆ. ಅಷ್ಟರಲ್ಲಿ ಸಾವುನೋವಿನ ಇನ್ನೊಂದು ಸುದ್ದಿ ಬಂದು ಅವಳ ಲೇಖನ ಕೆಳಗೆ ಜಾರುತ್ತದೆ. ಅವಳಿಗೆ ಬರುವುದು ಕನಿಕರ ಅಲ್ಲ, ಸಿಟ್ಟು. ಸತ್ತವರೂ ಅವಳಿಗೆ ಪೈಪೋಟಿಯವರೇ.

ನಿಜವಾಗಿ ಕಾಯಿಲೆ ಇರುವವರಿಗೆ ಇದು ಅವಮಾನ ಅಲ್ವಾ?

ಈ ಪ್ರಶ್ನೆ ಬರಲೇಬೇಕು, ಬರುವುದು ನ್ಯಾಯ. ಚರ್ಮದ ಕಾಯಿಲೆ ಇರುವವರನ್ನು, ಮುಖದ ಮೇಲೆ ಗಾಯದ ಗುರುತು ಇರುವವರನ್ನು ಸಿನಿಮಾಗಳು ಬಹಳ ಕಾಲದಿಂದ ಹೆದರಿಸೋಕೆ ಅಥವಾ ನಗಿಸೋಕೆ ಬಳಸಿಕೊಂಡಿವೆ. ಹಾಗಾಗಿ ನೋವಾಗುವವರಿಗೆ ನೋವಾಗಬಹುದು. 'ಇದು ಬರೀ ಸಿನಿಮಾ' ಅಂತ ಹೇಳಿ ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಆದರೆ ಇಲ್ಲಿ ಗೇಲಿ ಯಾರದ್ದು ಅಂತ ನೋಡಿ. ಸಿಗ್ನೆ ಒಂದು ಚಿಕಿತ್ಸಾ ಗುಂಪಿಗೆ ಸೇರುತ್ತಾಳೆ. ಅಲ್ಲಿ ನಿಜವಾಗಿ ನರಳುತ್ತಿರುವವರು ಇದ್ದಾರೆ. ಅವರ ನೋವಿನ ಮುಂದೆ ತನ್ನ ನೋವೇ ದೊಡ್ಡದು ಅಂತ ತೋರಿಸೋಕೆ ಹೊರಡುವವಳು ಇವಳು. ತಪ್ಪು ಇರುವುದು ಅವಳ ನಡತೆಯಲ್ಲಿ. ಆಮೇಲೆ ಒಂದು ಮಾಡೆಲಿಂಗ್ ಏಜೆನ್ಸಿ ಬರುತ್ತದೆ. ಎಲ್ಲ ಥರದ ದೇಹಗಳನ್ನೂ ಒಪ್ಪುತ್ತೇವೆ ಅನ್ನುವ ಏಜೆನ್ಸಿ. ಅವರಿಗೆ ಸಿಗ್ನೆಯ ಮುಖ ಬೇಕು, ಕ್ಯಾಮೆರಾ ಮುಂದೆ ಅವಳ ಆರೋಗ್ಯ ಹದಗೆಡುತ್ತಾ ಹೋದಾಗ ಏನು ಮಾಡಬೇಕು ಅನ್ನುವುದು ಬೇಡ. ನೋವನ್ನು ಚಂದದ ಜಾಹೀರಾತು ಮಾಡುವ ವ್ಯವಹಾರಕ್ಕೆ ಸಿನಿಮಾ ಕೊಡುವ ಪೆಟ್ಟು ಅದು. ಜೋರಾಗಿಯೇ ಬೀಳುತ್ತದೆ, ಬೀಳಬೇಕಾದ ಕಡೆಯೇ ಬೀಳುತ್ತದೆ.

ಮುಖದ ಮೇಕಪ್ ಯಾರದ್ದು? ಗ್ರಾಫಿಕ್ಸಾ?

ನಿಜವಾದ ಪ್ರಾಸ್ಥೆಟಿಕ್ ಮೇಕಪ್, ಅಂದರೆ ಮುಖದ ಮೇಲೆ ಕೃತಕ ಚರ್ಮ ಅಂಟಿಸಿ ಮಾಡುವಂಥದ್ದು. ಮಾಡಿದವರು ಇಝಿ ಗಲಿಂಡೊ. ಕಾಯಿಲೆ ಜಾಸ್ತಿಯಾದ ಹಾಗೆ ಮುಖವೂ ಹಂತ ಹಂತವಾಗಿ ಬದಲಾಗುತ್ತದೆ. ಮೊದಲು ಕೈಮೇಲೆ, ಮುಖದ ಮೇಲೆ ದದ್ದು, ಆಮೇಲೆ ಊತ, ಆಮೇಲೆ ಬ್ಯಾಂಡೇಜ್, ಗಾಯ. ಅಷ್ಟೆಲ್ಲ ಪದರ ಮುಖದ ಮೇಲೆ ಇದ್ದರೂ ಥೋರ್ಪ್ ಅವರ ಕಣ್ಣಲ್ಲಿ ಆ ಸಣ್ಣ ಖುಷಿ, ಆ ಲೆಕ್ಕಾಚಾರ ಕಾಣುತ್ತಲೇ ಇರುತ್ತದೆ. ಬ್ಯಾಂಡೇಜ್ ಸುತ್ತಿಕೊಂಡು ಹಾಸಿಗೆಯಲ್ಲಿ ಮಲಗಿರುವಾಗ ಯಾರು ನೋಡೋಕೆ ಬಂದರು, ಯಾರು ಬರಲಿಲ್ಲ ಅಂತ ಆ ಕಣ್ಣು ಎಣಿಸುತ್ತಿರುತ್ತದೆ. ಇಡೀ ಸಿನಿಮಾ ನಿಂತಿರುವುದು ಈ ನಟಿಯ ಮೇಲೆ.

ಛಾಯಾಗ್ರಹಣ ಬೆಂಜಮಿನ್ ಲೋಬ್ ಅವರದು. 35 ಎಂಎಂ ಫಿಲ್ಮ್‌ನಲ್ಲಿ ಚಿತ್ರೀಕರಿಸಿದ್ದಾರೆ. ಓಸ್ಲೋದ ಬೇಸಿಗೆಯ ಬಿಸಿಲು, ತಿಳಿ ಬಣ್ಣದ ಕೋಣೆಗಳು, ಎಲ್ಲ ಅಚ್ಚುಕಟ್ಟು. ಆ ಚಂದದ ನಡುವೆ ಈ ಮುಖ ಬಂದಾಗ ಇನ್ನೂ ಜಾಸ್ತಿ ಇರಿಯುತ್ತದೆ.

ತುಂಬಾ ಅಸಹ್ಯ ಆಗುತ್ತಾ? ಮಕ್ಕಳ ಜೊತೆ ನೋಡಬಹುದಾ?

ಮಕ್ಕಳ ಜೊತೆ ಬೇಡ. ರಕ್ತ ಇದೆ, ಗಾಯ ಇದೆ, ವಾಂತಿ ಇದೆ, ಲೈಂಗಿಕ ದೃಶ್ಯ ಇದೆ. ತನ್ನ ದೇಹಕ್ಕೆ ತಾನೇ ಹಾನಿ ಮಾಡಿಕೊಳ್ಳುವುದೇ ಕಥೆಯ ವಿಷಯ, ಹಾಗಾಗಿ ಆ ನೋವನ್ನು ಹತ್ತಿರದಿಂದ ಕಂಡವರು ಯೋಚಿಸಿ ನೋಡಿ.

ಕಥೆ ನಾರ್ವೆಯಲ್ಲೇ ನಡೆಯಬೇಕಿತ್ತಾ? ಬೇರೆ ಎಲ್ಲಾದರೂ ನಡೆಯಬಹುದಲ್ಲ?

ಹೊಟ್ಟೆಕಿಚ್ಚು ಎಲ್ಲ ಕಡೆ ಇದೆ. ಆದರೆ ಸ್ಕ್ಯಾಂಡಿನೇವಿಯಾದಲ್ಲಿ ಅದಕ್ಕೆ ಒಂದು ವಿಶೇಷ ಹಿನ್ನೆಲೆ ಇದೆ. ಆಕ್ಸೆಲ್ ಸಾಂಡೆಮೋಸೆ ಅನ್ನುವ ಲೇಖಕರು 1933ರ ಕಾದಂಬರಿಯಲ್ಲಿ ಯಾಂಟೆ ಅನ್ನುವ ಕಲ್ಪಿತ ಊರಿನ ಹತ್ತು ಕಟ್ಟಳೆಗಳನ್ನು ಬರೆದರು. ಎಲ್ಲದರ ತಿರುಳು ಒಂದೇ: ನೀನು ದೊಡ್ಡ ಮನುಷ್ಯ ಅಂತ ಅಂದುಕೊಳ್ಳಬೇಡ. 'ಯಾಂಟೆ ಕಾನೂನು' ಅನ್ನುವುದು ಆಮೇಲೆ ಅಲ್ಲಿನ ಜನರ ದಿನದ ಮಾತಿನಲ್ಲೇ ಸೇರಿಹೋಯಿತು.

ತನ್ನನ್ನು ತಾನೇ ಹೊಗಳಿಕೊಳ್ಳುವುದು ಸಭ್ಯತೆ ಅಲ್ಲ ಅನ್ನುವ ಸಮಾಜದಲ್ಲಿ ಗಮನ ಬೇಕಾದರೆ ಏನು ಮಾಡುವುದು? ರೋಗಿ ಆದರೆ ಕೇಳದೆಯೇ ಗಮನ ಸಿಗುತ್ತದೆ. 'ನನ್ನನ್ನು ನೋಡಿ' ಅಂತ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಸಿಗ್ನೆ ಆರಿಸಿಕೊಂಡ ದಾರಿ ಅಲ್ಲಿಗೆ ಅಷ್ಟು ಚೆನ್ನಾಗಿ ಹೊಂದುವುದು ಇದರಿಂದ ಅಂತ ನನ್ನ ಓದು. ಸಿನಿಮಾ ಈ ಮಾತನ್ನು ನೇರವಾಗಿ ಹೇಳುವುದಿಲ್ಲ.

'ದಿ ವರ್ಸ್ಟ್ ಪರ್ಸನ್ ಇನ್ ದಿ ವರ್ಲ್ಡ್'ಗೂ ಇದಕ್ಕೂ ಸಂಬಂಧ ಇದೆಯಾ?

ಕಥೆಯ ಸಂಬಂಧ ಇಲ್ಲ. ಎರಡೂ ಓಸ್ಲೋದಲ್ಲಿ ನಡೆಯುತ್ತವೆ, ನಿರ್ಮಾಣ ಸಂಸ್ಥೆಯೂ ಒಂದೇ. ಅದು 2021ರ ನಾರ್ವೇಜಿಯನ್ ಸಿನಿಮಾ. ಅದರಲ್ಲಿ ಒಂದು ಮುಖ್ಯ ಪಾತ್ರ ಮಾಡಿದ ಆಂಡರ್ಸ್ ಡೇನಿಯಲ್‌ಸನ್ ಲೀ ಇಲ್ಲಿ ವೈದ್ಯನಾಗಿ ಸ್ವಲ್ಪ ಹೊತ್ತು ಬಂದು ಹೋಗುತ್ತಾರೆ.

ಕೊನೆಗೆ ಸಿಗ್ನೆ ಬಗ್ಗೆ ಏನು ಅನ್ನಿಸಬೇಕು? ಸಿಟ್ಟಾ, ಕನಿಕರವಾ?

ಎರಡೂ. ಈ ವಿಷಯದಲ್ಲಿ ಜನ ಜಗಳವಾಡುವುದನ್ನು ನೋಡಿದ್ದೇನೆ. ಕೆಲವರಿಗೆ ಅವಳು ಒಂದು ಕ್ಷಣವೂ ಸಹ್ಯ ಆಗುವುದಿಲ್ಲ. ಅವರ ಮಾತು ತಪ್ಪಲ್ಲ. ಅವಳು ಹತ್ತಿರದವರ ನಂಬಿಕೆಯನ್ನು ಹಾಳು ಮಾಡುತ್ತಾಳೆ. ಮಾರ್ಟೆಗೆ ಆಗುವ ಮೋಸ ನನಗೆ ತುಂಬಾ ಬೇಸರ ತಂದಿತು. ನಂಬಿ ಬರೆದವಳು ಅವಳು.

ಆದರೂ ಕನಿಕರ ಬರುತ್ತದೆ. ಯಾಕೆಂದರೆ ಅವಳಿಗೆ ಬೇಕಾಗಿರುವುದು ಪ್ರೀತಿ, ಅವಳು ಕೇಳುತ್ತಿರುವುದು ಗಮನ. ಗಮನ ಸಿಕ್ಕಾಗಲೂ ಹೊಟ್ಟೆ ತುಂಬುವುದಿಲ್ಲ, ಮತ್ತೆ ಇನ್ನೊಂದು ಡೋಸ್ ಬೇಕು. ಅವಳು ನಿಜ ಹೇಳಿಬಿಡಬಹುದಾಗಿದ್ದ ಜಾಗಗಳು ಸಿನಿಮಾದಲ್ಲಿ ಹಲವು ಬರುತ್ತವೆ. ಪ್ರತಿ ಸಲವೂ ಬಾಯಿ ತೆರೆಯುತ್ತಾಳೆ, ಅಷ್ಟರಲ್ಲಿ ಎದುರಿನವರ ಮುಖದಲ್ಲಿ ಮರುಕ ಕಾಣುತ್ತದೆ. ಅದನ್ನು ಕಳೆದುಕೊಳ್ಳೋಕೆ ಅವಳಿಗೆ ಮನಸ್ಸು ಬರುವುದಿಲ್ಲ.

ಯಾವ ಭಾಷೆಯಲ್ಲಿದೆ? ಎಷ್ಟು ಹೊತ್ತಿನದು?

ನಾರ್ವೇಜಿಯನ್ ಭಾಷೆಯದು, ಸಬ್‌ಟೈಟಲ್ ಇಟ್ಟುಕೊಂಡು ನೋಡಬೇಕು. ಸುಮಾರು ಒಂದೂವರೆ ಗಂಟೆ. ಡಬ್ಬಿಂಗ್ ಸಿಕ್ಕರೂ ಮೂಲ ಭಾಷೆಯಲ್ಲೇ ನೋಡಿ. ಥೋರ್ಪ್ ಅವರು ಮಾತಿನ ನಡುವೆ ತಡೆದು, ಎದುರಿನವರು ಕೇಳುತ್ತಿದ್ದಾರಾ ಅಂತ ನೋಡಿ, ಮತ್ತೆ ಮುಂದುವರಿಸುವ ರೀತಿ ಡಬ್ಬಿಂಗ್‌ನಲ್ಲಿ ಉಳಿಯುವುದಿಲ್ಲ.

ಇಷ್ಟವಾದರೆ ಮುಂದೆ ಏನು ನೋಡಬೇಕು?

ಬೊರ್ಗ್ಲಿ ಆಮೇಲೆ ಅಮೆರಿಕದಲ್ಲಿ ಮಾಡಿದ 'ಡ್ರೀಮ್ ಸಿನಾರಿಯೊ' ನೋಡಿ, 2023ರದ್ದು. ನಿಕೋಲಸ್ ಕೇಜ್ ಅದರಲ್ಲಿ ಒಬ್ಬ ಪ್ರೊಫೆಸರ್. ಏನೂ ಮಾಡದೆಯೇ ಸಾವಿರಾರು ಅಪರಿಚಿತರ ಕನಸಿನಲ್ಲಿ ಕಾಣಿಸಿಕೊಂಡು ಪ್ರಸಿದ್ಧನಾಗುತ್ತಾನೆ. ಇಲ್ಲಿ ಸಿಗ್ನೆ ಗಮನಕ್ಕಾಗಿ ಏನು ಬೇಕಾದರೂ ಮಾಡುತ್ತಾಳೆ, ಅಲ್ಲಿ ಗಮನವೇ ಬಂದು ಮೈಮೇಲೆ ಬೀಳುತ್ತದೆ. ಎರಡನ್ನೂ ಹತ್ತಿರ ಹತ್ತಿರ ನೋಡಿದರೆ ಈ ನಿರ್ದೇಶಕರು ಒಂದೇ ಪ್ರಶ್ನೆಯನ್ನು ಎರಡು ಕಡೆಯಿಂದ ಕೆದಕುತ್ತಿದ್ದಾರೆ ಅನ್ನುವುದು ಕಾಣುತ್ತದೆ. ಥೋರ್ಪ್ ಅವರ ನಟನೆ ಹಿಡಿಸಿದವರು 2021ರ 'ನಿಂಜಾಬೇಬಿ' ಹುಡುಕಿ ನೋಡಿ. ಬೇಡದ ಗರ್ಭ ಹೊತ್ತ ಹುಡುಗಿಯ ಪಾತ್ರ. ಅದೂ ಕಾಮಿಡಿಯೇ, ಆದರೆ ಅದರ ಮನಸ್ಸು ಸಿಗ್ನೆಯ ಕಥೆಗಿಂತ ಬಹಳ ಬೆಚ್ಚಗಿದೆ.